ಮೈಮೇಲಿನ ಚೀಟಿ

ಗಂಡ ತಿಂಗಳಿಗೊಂದು ಸಲ ರಕ್ತದಾನ ಮಾಡುತ್ತಾನೆ ಎಂದು ಆಶಾ ಎರಡು ವರ್ಷ ಜಗಳೂರಿನ ತವರುಮನೆಯಲ್ಲಿ ಜಂಬ ಕೊಚ್ಚಿಕೊಂಡಿದ್ದಳು. ಹೇಳಿಕೊಳ್ಳಲು ಬೇರೇನೂ ಇರಲಿಲ್ಲವೆಂದಲ್ಲ. ನ್ಯಾಮತಿಯಲ್ಲಿ ಸ್ವಂತ ಮೋಟಾರ್ ವೈಂಡಿಂಗ್ ಅಂಗಡಿ, ಗೋವಿನಕೋವಿಯಲ್ಲಿ ಆರ್‌ಸಿಸಿ ಮನೆ, ಕುಡಿಯದ, ಕೈ ಎತ್ತದ ಗಂಡ. ಆದರೂ ಅವಳಿಗೆ ಹಿಡಿಸಿದ್ದು ಆ ರಕ್ತದಾನವೇ. ಪ್ರತಿ ತಿಂಗಳ ಮೊದಲ ಸೋಮವಾರ ಸತೀಶ್ ಕುಮಾರ್ ತಾಮ್ರದ ತಂತಿ ತರುತ್ತೇನೆಂದು ಬೈಕ್ ಹತ್ತಿ ಸವಳಂಗದ ಮೇಲೆ ಶಿವಮೊಗ್ಗಕ್ಕೆ ಹೋಗುತ್ತಿದ್ದ. ಸಂಜೆ ಬರುವಾಗ ಚೀಲದಲ್ಲಿ ತಂತಿಯೂ ಇರುತ್ತಿತ್ತು, ಮೊಣಕೈಯ ಒಳಮಗ್ಗುಲಲ್ಲಿ ಹತ್ತಿಯ ಮೇಲೊಂದು ಪಟ್ಟಿಯೂ ಇರುತ್ತಿತ್ತು. ಹೊಸತರಲ್ಲಿ ಒಮ್ಮೆ ಕೇಳಿದ್ದಕ್ಕೆ, "ರಕ್ತ ಕೊಟ್ಟು ಬಂದೆ" ಎಂದಿದ್ದ.

ಕೊಟ್ಟು ಬರುತ್ತಿರಲಿಲ್ಲ, ಹಾಕಿಸಿಕೊಂಡು ಬರುತ್ತಿದ್ದ. ಅದು ಗೊತ್ತಿದ್ದವರು ಆ ಮನೆಯಲ್ಲಿ ನಾಲ್ಕು ಜನ: ಸತೀಶ, ಅವನ ಅಪ್ಪ ಶಿವಮೂರ್ತಪ್ಪ, ಅವ್ವ ಶಂಕರಮ್ಮ, ತಂಗಿ ಪ್ರಮೀಳಾ. ಗೊತ್ತಿಲ್ಲದವಳು ಕಟ್ಟಿಕೊಂಡು ಬಂದ ಹೆಂಡತಿ ಒಬ್ಬಳೇ.

ಅವನಿಗೆ ಹುಟ್ಟಿನಿಂದ ಒಂದು ಕೊರತೆ ಇತ್ತು. ಗಾಯವಾದರೆ ಎಲ್ಲರಂತೆ ರಕ್ತ ಬರುತ್ತದೆ, ಎಲ್ಲರಂತೆ ನಿಲ್ಲುತ್ತದೆ. ಮರುದಿನವೋ ಅದರ ಮಾರನೇ ದಿನವೋ, ಎಲ್ಲರೂ ಮರೆತ ಮೇಲೆ, ಮತ್ತೆ ಒಸರಲು ಶುರುವಾಗುತ್ತದೆ. ಕಟ್ಟಿದ ಹೆಪ್ಪನ್ನು ಗಟ್ಟಿಯಾಗಿ ಹಿಡಿದಿಡುವ ಒಂದು ಅಂಶ, ಡಾಕ್ಟರುಗಳ ಲೆಕ್ಕದಲ್ಲಿ ಫ್ಯಾಕ್ಟರ್ ಹದಿಮೂರು, ಅವನ ರಕ್ತದಲ್ಲಿ ಇಲ್ಲ. ಲಕ್ಷಗಟ್ಟಲೆ ಜನರಲ್ಲಿ ಒಬ್ಬರಿಗೆ ಬರುವ ಈ ಕಾಯಿಲೆ, ಸೋದರಮಾವನನ್ನೇ ಮದುವೆಯಾಗಿದ್ದ ಶಂಕರಮ್ಮನ ಮಡಿಲನ್ನು ಹುಡುಕಿಕೊಂಡು ಬಂದಿತ್ತು. ಮನೆಯೊಳಗೆ ಅದಕ್ಕೊಂದು ಹೆಸರೂ ಇತ್ತು: ಒಸರು. ಆ ಹೆಸರು ಹೊಸಿಲು ದಾಟಿ ಹೋಗಬಾರದು ಎಂಬುದು ಶಿವಮೂರ್ತಪ್ಪನ ಕಟ್ಟಪ್ಪಣೆ. ದಾನಿಗಳ ರಕ್ತದಿಂದ ಬೇರ್ಪಡಿಸಿದ ಹಳದಿ ದ್ರವ ತಿಂಗಳಿಗೊಂದು ಚೀಲ ಮೈಗೆ ಸೇರಿದರೆ ಅವನೂ ಹತ್ತು ಜನರ ಹಾಗೆ ಓಡಾಡಿಕೊಂಡಿರುತ್ತಾನೆ. ಊರಿಗೆ ಯಾಕೆ ಹೇಳಬೇಕು? ಹೆಣ್ಣು ಕೊಡುವವರಿಗೆ ಯಾಕೆ ಹೇಳಬೇಕು? ಹೇಳಲಿಲ್ಲ. ಹೆಣ್ಣು ಸಿಕ್ಕಿತು.

ಬೆನ್ನು ಹೋದದ್ದು ಅಂಗಡಿಯಲ್ಲಿ. ಬೋರ್‌ವೆಲ್ಲಿನ ಮೋಟಾರ್ ಒಂದನ್ನು ಒಬ್ಬನೇ ಎತ್ತಿ ಮೇಜಿನ ಮೇಲಿಡಲು ಹೋಗಿ ಸತೀಶ ಅಲ್ಲೇ ಕುಸಿದು ಕುಳಿತ. ಎಡಗಾಲಿಗೆ ಹಗ್ಗ ಎಳೆದಂತೆ ನೋವು, ತಿಂಗಳೊಳಗೆ ಪಾದ ಎತ್ತಿ ಇಡಲಾಗದೆ ಚಪ್ಪಲಿ ನೆಲಕ್ಕೆ ಉಜ್ಜತೊಡಗಿತು. ಆಶಾಳ ಅಣ್ಣ ಮಾಲತೇಶ್ ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿದ್ದ. ಅವನೇ ಮುಂದೆ ನಿಂತು ಸ್ಕ್ಯಾನ್ ಮಾಡಿಸಿದ, ಬೆನ್ನುಮೂಳೆಯ ಸರ್ಜನ್‌ಗೆ ತೋರಿಸಿದ. ಡಿಸ್ಕ್ ಜಾರಿ ನರ ಒತ್ತುತ್ತಿದೆ, ತಡಮಾಡಿದರೆ ಪಾದ ಶಾಶ್ವತವಾಗಿ ಹೋಗುತ್ತದೆ ಎಂದರು ಸರ್ಜನ್. ಮಾಲತೇಶ್ ಒಳ್ಳೆಯವನು. ಆದರೆ ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಜಗಳೂರು ಮುಟ್ಟುತ್ತದೆ ಎಂದು ಬೀಗರಿಗೆಲ್ಲ ಗೊತ್ತಿತ್ತು. ಸಾಲದ್ದಕ್ಕೆ ಅದೇ ಹೊತ್ತಿಗೆ ಪ್ರಮೀಳಾಗೆ ಒಂದು ಸಂಬಂಧ ಕೂಡಿಬಂದಿತ್ತು. ಶಂಕರಮ್ಮನ ತವರೂರು ಉಬ್ರಾಣಿಯ ಹುಡುಗ ವಿನಯ್ ಕುಮಾರ್, ಚನ್ನಗಿರಿಯಲ್ಲಿ ಅಡಿಕೆ ಮಂಡಿ ಇಟ್ಟವನು. ಮುಂದಿನ ಶುಕ್ರವಾರ ಹಿರಿಯರು ಮಾತಿಗೆ ಬರುವವರಿದ್ದರು.

ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆಯ ಡಾಕ್ಟರಮ್ಮ ಮಂಚದ ಬಳಿ ಬಂದು ಒಂದೊಂದೇ ಪ್ರಶ್ನೆ ಕೇಳುತ್ತ ಕಾಗದದಲ್ಲಿ ತುಂಬಿಸಿಕೊಂಡರು. ಸಕ್ಕರೆ ಕಾಯಿಲೆ ಇದೆಯಾ? ಇಲ್ಲ. ಆಸ್ತಮಾ? ಇಲ್ಲ.

"ಇವರಿಗಾಗಲಿ ಮನೆಯಲ್ಲಿ ಬೇರೆ ಯಾರಿಗಾಗಲಿ ರಕ್ತ ನಿಲ್ಲದ ತೊಂದರೆ ಏನಾದರೂ?"

ಸತೀಶ ಅಪ್ಪನ ಮುಖ ನೋಡಿದ. ಶಿವಮೂರ್ತಪ್ಪ ಕೆಮ್ಮಿದ. ಮಂಚದ ಕಾಲ್ದೆಸೆಯಲ್ಲಿ ಮಾಲತೇಶ್ ಫೈಲು ಹಿಡಿದು ನಿಂತಿದ್ದ. ಶಂಕರಮ್ಮ ಎದ್ದು ಕಿಟಕಿಯ ಹತ್ತಿರ ಹೋಗಿ, ನೋಡಲು ಏನೂ ಇಲ್ಲದ ಹೊರಗೆ ನೋಡತೊಡಗಿದಳು. ಯಾರೂ ಬಾಯಿ ಬಿಡದ್ದು ಕಂಡು, ಇವರಿಗೆಲ್ಲ ಡಾಕ್ಟರ ಮುಂದೆ ಮಾತನಾಡಲು ಸಂಕೋಚ ಎಂದುಕೊಂಡು ಆಶಾ ತಾನೇ ಹೇಳಿದಳು:

"ಏನೂ ಇಲ್ಲ ಮೇಡಂ. ನಮ್ಮನೆಯವರೇ ತಿಂಗಳಾ ತಿಂಗಳಾ ರಕ್ತದಾನ ಮಾಡ್ತಾರೆ."

ಡಾಕ್ಟರಮ್ಮ ನಕ್ಕರು. "ತಿಂಗಳಿಗೊಮ್ಮೆ ಯಾರೂ ತಗೊಳ್ಳಲ್ಲಮ್ಮ. ಮೂರು ತಿಂಗಳಿಗೊಮ್ಮೆ ಇರಬೇಕು."

"ಇಲ್ಲ ಮೇಡಂ, ತಿಂಗಳಿಗೇ" ಎಂದಳು ಆಶಾ ಪಟ್ಟು ಹಿಡಿದು. ಅವರು ಮತ್ತೊಮ್ಮೆ ನಕ್ಕು, "ಇಲ್ಲ" ಎಂಬುದರ ಮುಂದೆ ಗೆರೆ ಎಳೆದರು. ಹೊರಗೆ ಇನ್ನೂ ಆರು ಜನ ರೋಗಿಗಳಿದ್ದರು. ರಕ್ತದ ಪರೀಕ್ಷೆಗಳೆಲ್ಲ ಸರಿಯಾಗಿಯೇ ಬಂದಿದ್ದವು. ಮಾಮೂಲು ಪರೀಕ್ಷೆ ಈ ಕೊರತೆಯನ್ನು ಹಿಡಿಯುವುದಿಲ್ಲ. ಅದನ್ನು ಬಾಯಿಂದಲೇ ಹೇಳಬೇಕು. ರೋಗಿಯ ಕಡೆಯವರು ಎಂದು ಬರೆದಲ್ಲಿ ಆಶಾ ದುಂಡಗೆ ಸಹಿ ಹಾಕಿದಳು.

ಸತೀಶ ಯಾಕೆ ಸುಮ್ಮನಿದ್ದ? ಮೂವತ್ತು ವರ್ಷದ ಗಂಡಸು, ಬೆನ್ನು ಕೊಯ್ಯಿಸಿಕೊಳ್ಳುವವನು ಅವನೇ. ಆದರೆ ಎರಡು ವರ್ಷದ ಸುಳ್ಳನ್ನು ಹೆಂಡತಿಯ ಅಣ್ಣನ ಎದುರು ಬಿಚ್ಚುವುದಕ್ಕಿಂತ ಬೆನ್ನು ಬಿಚ್ಚಿಸಿಕೊಳ್ಳುವುದೇ ಅವನಿಗೆ ಸುಲಭವಾಗಿ ಕಂಡಿತು. ಹೋದ ಸೋಮವಾರವಷ್ಟೇ ನಿಗದಿಯ ಚೀಲ ಹಾಕಿಸಿಕೊಂಡಿದ್ದ, ಅಷ್ಟು ಸಾಕು ಎಂದು ತನಗೆ ತಾನೇ ಡಾಕ್ಟರಿಕೆ ಮಾಡಿಕೊಂಡ. ಸುಮ್ಮನೆ ಓಡಾಡುವವನಿಗೆ ಅಷ್ಟು ಸಾಕು. ಬೆನ್ನುಹುರಿಯ ಪಕ್ಕದಲ್ಲಿ ಚಾಕು ಆಡಿಸಿಕೊಳ್ಳುವವನಿಗೆ ಸಾಲದು.

ಬೆಳಿಗ್ಗೆ ಥಿಯೇಟರಿಗೆ ಒಯ್ಯುವ ಮುಂಚೆ ನರ್ಸ್ ಬಂದು ಮೈಮೇಲಿನದ್ದೆಲ್ಲ ತೆಗೆಯಬೇಕು ಎಂದಳು. ಉಂಗುರ ಬಂತು, ಕೊರಳಿನ ಲಿಂಗದ ಕರಡಿಗೆ ಬಂತು. ಸೊಂಟದ ಉಡದಾರ ಬಿಚ್ಚಲು ಬರದೆ ಅವಳು ಕತ್ತರಿಯಿಂದ ಕತ್ತರಿಸಿದಳು. ಅದಕ್ಕೆ ಪೋಣಿಸಿದ್ದ ಬೆಳ್ಳಿಯ ತಾಯಿತ ಹೆಬ್ಬೆರಳಿನಷ್ಟು ದಪ್ಪ, ಎರಡೂ ತುದಿಗೆ ಅರಗು ಬಡಿದು ಮುಚ್ಚಿದ್ದು. ಆಶಾ ಅದನ್ನು ಎಷ್ಟೋ ಸಲ ಹಿಡಿದು ಆಟವಾಡಿಸಿದ್ದಳು. ಎಲ್ಲರ ಮನೆಯಲ್ಲಿ ಮಾಡುವ ಹಾಗೆ ಒಣಗಿ ಬಿದ್ದ ಹೊಕ್ಕುಳಬಳ್ಳಿ ತುಂಬಿ ಕಟ್ಟಿದ್ದಾರೆ ಎಂದುಕೊಂಡು, ಇಷ್ಟು ದಪ್ಪ ಹೊಕ್ಕುಳೇನ್ರೀ ನಿಮ್ದು ಎಂದು ರೇಗಿಸಿದ್ದಳು.

"ಅದು ಇತ್ತಾಗೆ ಕೊಡು ಆಶಾ, ನನ್ನತ್ರ ಇರ್ಲಿ" ಎಂದು ಶಂಕರಮ್ಮ ಕೈ ಚಾಚಿದಳು.

"ಇರ್ಲಿ ಬಿಡ್ರಿ ಅತ್ತೆ, ಎಲ್ಲಿಗೂ ಓಡಿಹೋಗಲ್ಲ" ಎಂದು ಆಶಾ ಅದನ್ನು ತನ್ನ ಪರ್ಸಿಗೆ ಹಾಕಿ ಜಿಪ್ ಎಳೆದಳು.

ಆಪರೇಷನ್ ಚೆನ್ನಾಗಿ ಆಯಿತು. ಸಂಜೆಗೆ ಸತೀಶ ಎಡಪಾದವನ್ನು ಮೇಲಕ್ಕೆ ಎತ್ತಿ ತೋರಿಸಿದ, ಸರ್ಜನ್ ಅದನ್ನು ತಟ್ಟಿ ಹೋದರು. ಮಾರನೇ ದಿನ ಬೆಳಿಗ್ಗೆ ಬೆಲ್ಟ್ ಕಟ್ಟಿಸಿಕೊಂಡು ಬಾತ್‌ರೂಮಿನ ಬಾಗಿಲವರೆಗೂ ನಡೆದ. ಮಾಲತೇಶ್ ಫೋನ್ ಮಾಡಿ ಜಗಳೂರಿಗೆಲ್ಲ ಸುದ್ದಿ ಮುಟ್ಟಿಸಿದ. ಶಿವಮೂರ್ತಪ್ಪ ಕ್ಯಾಂಟೀನಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದು ಸೊಸೆಗೂ ಕೊಟ್ಟ. ಆ ಬೆಳಗಿನ ಮೇಲೆ ಆಶಾ ಇಡ್ಲಿ ಮುಟ್ಟಿಲ್ಲ.

ಮಧ್ಯಾಹ್ನ ಎರಡರ ಸುಮಾರಿಗೆ ಬೆನ್ನು ಸಿಡಿಯುತ್ತಿದೆ ಎಂದ. ನರ್ಸ್ ನೋವಿನ ಇಂಜೆಕ್ಷನ್ ಕೊಟ್ಟಳು. ಎರಡೂವರೆಗೆ ಮಗ್ಗುಲು ಬದಲಿಸಲು ಹೋದಾಗ ಪಟ್ಟಿಯೆಲ್ಲ ಒದ್ದೆಯಾಗಿ ಹಾಸಿಗೆಗೂ ಇಳಿದಿತ್ತು. ಅದನ್ನು ನೋಡಿದ ಶಂಕರಮ್ಮನ ಮುಖದಲ್ಲಿ ಹನಿ ರಕ್ತವಿಲ್ಲ. ಆಕೆ ಗಂಡನ ತೋಳು ಹಿಡಿದು ಕಾರಿಡಾರಿಗೆ ಎಳೆದುಕೊಂಡು ಹೋದಳು. ಬಾಗಿಲಿನ ಆಚೆ ಪಿಸುಗುಟ್ಟುತ್ತಿದ್ದ ಮಾತುಗಳಲ್ಲಿ ಆಶಾಳ ಕಿವಿಗೆ ಬಿದ್ದದ್ದು ತುಣುಕು ತುಣುಕು.

"ಹೇಳಿಬಿಡಾನ ರೀ..."

"ಸುಮ್ಕಿರು ಅಂದ್ನಲ್ಲ. ನಾಡಿದ್ದು ಉಬ್ರಾಣಿಯೋರು ಬರ್ತಾರೆ. ಇವಳಣ್ಣ ಇಲ್ಲೇ ಸುತ್ತಾಡ್ತಾ ಐದಾನೆ. ಹೋದ ವಾರ ಹಾಕಿಸ್ಕಂಡಾನೆ, ನಿಲ್ತೈತೆ."

ಏನು ಹೇಳುವುದು, ಏನು ನಿಲ್ಲುವುದು ಎಂದು ಆಶಾಳಿಗೆ ತಿಳಿಯಲಿಲ್ಲ. ಕೇಳಲು ಎದ್ದಳು. ಅಷ್ಟರಲ್ಲಿ ಮಂಚದಿಂದ ಸತೀಶ ಕೂಗಿದ. ಬಲಗಾಲು ಭಾರವಾಗುತ್ತಿದೆ. ಎಡಗಾಲು ಇದೆಯೋ ಇಲ್ಲವೋ ತಿಳಿಯುತ್ತಿಲ್ಲ. ಅವಳು ಅವನ ಪಾದ ಒತ್ತಿದಳು, ಚಿವುಟಿದಳು. "ಮುಟ್ಟು" ಎಂದ ಅವನು. ಅವಳು ಮುಟ್ಟಿಯೇ ಇದ್ದಳು.

ಡ್ಯೂಟಿ ಡಾಕ್ಟರು ಬಂದರು, ಸರ್ಜನ್‌ಗೆ ಫೋನ್ ಹೋಯಿತು, ಸ್ಕ್ಯಾನಿಗೆ ಕರೆದೊಯ್ಯಲು ಹೇಳಿದರು. ಯಾಕೆ ಹೀಗಾಯಿತು ಎಂದು ಅವರೊಳಗೇ ಮಾತಾಡಿಕೊಳ್ಳುತ್ತಿದ್ದರು. ಶಿವಮೂರ್ತಪ್ಪನೂ ಶಂಕರಮ್ಮನೂ ಗೋಡೆಗೆ ಆತು ನಿಂತಿದ್ದರು. ಕಾಲು ಗಂಟೆ ಹೋಯಿತು, ಅರ್ಧ ಗಂಟೆ ಹೋಯಿತು, ಸ್ಕ್ಯಾನ್ ಕೋಣೆ ಖಾಲಿಯಾಗಲು ಇನ್ನೂ ಅರ್ಧ ಗಂಟೆ ಹೋಯಿತು. ಆ ಒಂದು ಗಂಟೆಯಲ್ಲಿ ಒಂದೇ ಒಂದು ಮಾತು ಆ ಇಬ್ಬರ ಬಾಯಿಂದ ಬಿದ್ದಿದ್ದರೆ!

"ಆಶಾ, ತಾಯ್ತ ಎಲ್ಲೈತೆ?" ಎಂದ ಸತೀಶ. ತುಟಿ ಒಣಗಿತ್ತು.

ದೇವರು ನೆನಪಾಗಿರಬೇಕು ಎಂದುಕೊಂಡು ಅವಳು ಪರ್ಸಿನಿಂದ ತೆಗೆದು ಕಣ್ಣಿಗೊತ್ತಿ ಅವನ ಅಂಗೈಯಲ್ಲಿಟ್ಟು ಬೆರಳು ಮಡಿಚಿದಳು. ಅವನು ಅದನ್ನು ವಾಪಸು ಅವಳ ಕಡೆ ತಳ್ಳಿದ.

"ಒಡಿ ಅದನ್ನ."

"ಏನ್ರೀ ಇದು, ಅಪಶಕುನ..."

"ಒಡಿಯೇ! ಒಳಗೆ ಚೀಟಿ ಐತೆ."

"ಬ್ಯಾಡ ಕಣೋ ಮಗನೇ" ಎಂದು ಶಂಕರಮ್ಮ ಮುಂದೆ ಬಂದಳು. ಆಶಾ ಅತ್ತೆಯ ಮುಖ ನೋಡಿದಳು, ನೋಡಿದ್ದೇ ತಡ ಸೆರಗಿನ ಪಿನ್ನು ಕಿತ್ತು ಅರಗಿಗೆ ಚುಚ್ಚಿದಳು. ಹಳೆಯ ಅರಗು ಪುಡಿಪುಡಿಯಾಗಿ ಉದುರಿತು. ಒಳಗಿನಿಂದ ಬಂದದ್ದು ಹೊಕ್ಕುಳಲ್ಲ. ಬಿಗಿಯಾಗಿ ಸುರುಳಿ ಸುತ್ತಿ ಮೇಣದ ಬಟ್ಟೆಯಲ್ಲಿ ಮಡಚಿದ್ದ ಬೆರಳುದ್ದದ ಚೀಟಿ. ಬೆಂಗಳೂರಿನ ಒಬ್ಬ ಡಾಕ್ಟರ ಮೊಹರು, ಇಪ್ಪತ್ತೈದು ವರ್ಷ ಹಳೆಯ ತಾರೀಕು, ಸತೀಶನ ಹೆಸರು, ಕಾಯಿಲೆಯ ಹೆಸರು, ಕೆಳಗೆ ಕೆಂಪು ಶಾಯಿಯಲ್ಲಿ: ಯಾವ ಆಪರೇಷನ್ನಿಗೂ ಮುಂಚೆ ರಕ್ತರೋಗ ತಜ್ಞರನ್ನು ಕೇಳಬೇಕು.

ಆ ಡಾಕ್ಟರು ಐದು ವರ್ಷದ ಹುಡುಗನ ತಾಯಿಗೆ ಕೈ ಹಿಡಿದು ಹೇಳಿದ್ದರಂತೆ, ಈ ಚೀಟಿ ಯಾವಾಗಲೂ ಇವನ ಮೈಮೇಲೇ ಇರಬೇಕಮ್ಮ, ಎಂದೂ ಬಿಟ್ಟಿರಬಾರದು ಎಂದು. ಶಂಕರಮ್ಮ ಮಾತಿಗೆ ತಪ್ಪುವವಳಲ್ಲ. ಮೈಮೇಲೆ ಇರಬೇಕು, ಯಾರ ಕಣ್ಣಿಗೂ ಬೀಳಬಾರದು. ಹೊನ್ನಾಳಿಯ ಅಕ್ಕಸಾಲಿಗನ ಹತ್ತಿರ ದಪ್ಪನೆಯ ತಾಯಿತ ಮಾಡಿಸಿ, ಚೀಟಿ ತುಂಬಿ, ಅರಗು ಬಡಿಸಿ ಉಡದಾರಕ್ಕೆ ಕಟ್ಟಿದಳು. ಇಪ್ಪತ್ತೈದು ವರ್ಷ ಅದು ಅವನ ಮೈಬಿಟ್ಟು ಕದಲಲಿಲ್ಲ. ಬೇಕಾದ ದಿನ, ಆಸ್ಪತ್ರೆಯವರೇ ಕತ್ತರಿಸಿ ಹೆಂಡತಿಯ ಕೈಗೆ ಕೊಟ್ಟರು.

ಆಶಾ ಚೀಟಿ ಹಿಡಿದು ಬರಿಗಾಲಲ್ಲಿ ಓಡಿದಳು.

ಆಮೇಲೆ ಎಲ್ಲರೂ ಓಡಿದರು. ರಕ್ತನಿಧಿಯಿಂದ ಮಂಜುಗಟ್ಟಿದ ಹಳದಿ ಚೀಲಗಳು ಬರಬೇಕು, ಬಂದದ್ದನ್ನು ಕರಗಿಸಬೇಕು, ಅದು ಮೈಗೆ ಇಳಿಯದೆ ಮತ್ತೆ ಬೆನ್ನು ಬಿಚ್ಚುವಂತಿಲ್ಲ. ಬಿಚ್ಚಿ, ಬೆನ್ನುಹುರಿಯನ್ನು ಅಮುಕುತ್ತಿದ್ದ ಹೆಪ್ಪನ್ನು ತೆಗೆದು ಹೊಲಿಯುವ ಹೊತ್ತಿಗೆ ಬಹಳ ತಡವಾಗಿತ್ತು. ಜೀವ ಉಳಿಯಿತು. ಸೊಂಟದ ಕೆಳಗೆ ಏನೂ ಉಳಿಯಲಿಲ್ಲ.

ಸರ್ಜನ್ ಅರಿವಳಿಕೆಯ ಡಾಕ್ಟರಮ್ಮ ತುಂಬಿಸಿಕೊಂಡಿದ್ದ ಕಾಗದವನ್ನು ಮೇಜಿನ ಮೇಲಿಟ್ಟು ಕೇಳಿದರು, "ಇದನ್ನು ಬರೆಸಿದ್ದು ಯಾರು?"

ಕೆಳಗಿನ ದುಂಡನೆಯ ಸಹಿಯೇ ಹೇಳುತ್ತಿತ್ತು.

"ಇಂಥವರಿಗೆ ಆಪರೇಷನ್ ಮಾಡಬಾರದು ಅಂತೇನಿಲ್ಲಮ್ಮ" ಎಂದರು ಅವರು. ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು ಅವರ ದನಿಯಲ್ಲಿ. "ಮೊದಲೇ ಗೊತ್ತಿದ್ದರೆ ರಕ್ತದ ಡಾಕ್ಟರನ್ನು ಕರೆಸುತ್ತಿದ್ದೆ. ಕಡಿಮೆ ಇರೋದನ್ನು ಏರಿಸಿ, ಅಳೆದು ನೋಡಿ, ಆಮೇಲೆ ಕೈ ಹಾಕುತ್ತಿದ್ದೆ. ಗಾಯ ಮಾಯುವವರೆಗೂ ಬಿಡದೆ ಹಾಕಿಸುತ್ತಿದ್ದೆ. ಒಂದು ವಾರ ಹೆಚ್ಚು ಇರಬೇಕಾಗುತ್ತಿತ್ತು, ಅಷ್ಟೇ. ನಡೆದುಕೊಂಡು ಮನೆಗೆ ಹೋಗುತ್ತಿದ್ದ."

ಅಷ್ಟೇ ಎಂಬ ಆ ಪದ ಆಶಾಳ ಎದೆಯಲ್ಲಿ ಮುಳ್ಳಾಗಿ ಕೂತಿತು.

ಹೊರಗೆ ಬಂದ ಮೇಲೆ ಮಾಲತೇಶ್ ತಂಗಿಯ ಮುಖ ನೋಡಲಿಲ್ಲ. ಬೀಗರ ಮೋಸಕ್ಕಿಂತ, ತಾನು ಕೆಲಸ ಮಾಡುವ ಕಡೆ ತಂಗಿ ತಪ್ಪು ಬರೆಸಿದಳು ಎಂಬುದೇ ಅವನಿಗೆ ದೊಡ್ಡದಾಗಿತ್ತು. ಶಿವಮೂರ್ತಪ್ಪನಿಗೆ ಅದು ಸಿಕ್ಕ ದಾರಿಯಾಯಿತು. ನೋಡಲು ಬಂದವರ ಮುಂದೆಲ್ಲ, "ನಮ್ಮನ್ನ ಒಂದು ಮಾತು ಕೇಳ್ಲಿಲ್ಲ ಕಣ್ರೀ, ಇವಳೇ ಮುಂದೆ ಬಿದ್ದು ಏನೂ ಇಲ್ಲ ಅಂತ ಬರೆಸಿಬಿಟ್ಲು" ಎಂದು ಶುರು ಮಾಡಿದ. ಏನಿತ್ತು ಎಂದು ಯಾರಾದರೂ ಕೇಳಿದರೆ, ಏನೋ ಔಷಧದ ಅಲರ್ಜಿ ಎಂದು ಮಾತು ತೇಲಿಸುತ್ತಿದ್ದ. ಆಗಲೂ ಒಸರು ಎನ್ನಲಿಲ್ಲ! ಆಶಾ ಒಮ್ಮೆ ಎದುರಾಡಿದಳು: "ನನಗೆ ಹೇಳಿದ್ರಾ ಮಾವ? ಎರಡು ವರ್ಷದಾಗೆ ಒಂದು ದಿನ ಹೇಳಿದ್ರಾ?" ಶಂಕರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಹೆಣ್ಣುಮಗಳ ಬಾಳು ಐತಲ್ಲವ್ವ, ಇನ್ನೊಂದೆರಡು ತಿಂಗಳು ತಡ್ಕ" ಎಂದಳು. ಯಾವ ಹೆಣ್ಣುಮಗಳ ಬಾಳು ಎಂದು ಆಶಾ ಕೇಳಲಿಲ್ಲ. ತನ್ನದಂತೂ ಅಲ್ಲ.

ಉಬ್ರಾಣಿಯವರು ಬಂದದ್ದು ಎರಡು ತಿಂಗಳು ಕಳೆದ ಮೇಲೆ, ಒಂದು ಭಾನುವಾರ ಬೆಳಿಗ್ಗೆ. ಅವರು ಬರುವ ಮುಂಚೆ ಶಿವಮೂರ್ತಪ್ಪ ಮಗನ ಮಂಚವನ್ನು ಪಡಸಾಲೆಯಿಂದ ಒಳಕೋಣೆಗೆ ತಳ್ಳಿಸಿ ಪರದೆ ಎಳೆದ. ಹುಡುಗ, ಅವನ ಅಪ್ಪ ಅವ್ವ, ಜೊತೆಗೆ ಎಂಬತ್ತು ದಾಟಿದ ಅಜ್ಜಿ ಶಿವಗಂಗಮ್ಮ. ಅವಲಕ್ಕಿ, ಬಾಳೆಹಣ್ಣು, ಕಾಫಿ ಆಯಿತು. ಪ್ರಮೀಳಾ ಬಂದು ಕುಳಿತು ಹೋದಳು. ಹುಡುಗನ ಅಪ್ಪ ಮೆಲ್ಲಗೆ ಸತೀಶನ ವಿಷಯ ಎತ್ತಿದ.

"ಏನ್ ಹೇಳಾನ ಬೀಗ್ರೆ" ಎಂದು ಶಿವಮೂರ್ತಪ್ಪ ನಿಟ್ಟುಸಿರು ಬಿಟ್ಟ. "ಮೋಟಾರ್ ಎತ್ತಾಕೆ ಹೋಗಿ ಬೆನ್ನು ಹಿಡ್ಕಂತು. ಆಪರೇಷನ್ನಿನಾಗೆ ಅದೇನು ಮಾಡಿದ್ರೋ ಏನೋ. ಕಟ್ಟುಮಸ್ತು ಆಳು, ಒಂದು ದಿನ ಜ್ವರ ಅಂತ ಮಲಗಿದೋನಲ್ಲ."

ಕಾಫಿ ಲೋಟಗಳನ್ನು ತಟ್ಟೆಗೆ ತುಂಬಿಕೊಳ್ಳುತ್ತಿದ್ದ ಆಶಾ ತಲೆ ಎತ್ತಲಿಲ್ಲ. ಅಜ್ಜಿ ಬಾಯಲ್ಲಿನ ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿಕೊಂಡಳು.

"ಅಲ್ಲ ಕಣಪ್ಪ ಶಿವಮೂರ್ತಿ, ಡಾಕ್ಟ್ರಿಗೆ ಒಸರಿನ ಮಾತು ಹೇಳ್ಲಿಲ್ವಾ ನೀವು?"

ಆಶಾ ಈಗ ತಲೆ ಎತ್ತಿದಳು.

"ಎಂಥ ಒಸರಜ್ಜಿ?" ಎಂದ ಶಿವಮೂರ್ತಪ್ಪ, ಅರ್ಧ ದನಿಯಲ್ಲಿ.

"ಎಂಥದು ಅಂದ್ರೆ? ಇವಳ ಬಾಣಂತನ ನಮ್ಮೂರಾಗೇ ಅಲ್ವಾ ಆಗಿದ್ದು. ಕೂಸಿನ ಹೊಕ್ಕಳು ಹನ್ನೆರಡು ದಿನ ಒಸರಿದಾಗ ಬಟ್ಟೆ ಸುಟ್ಟ ಬೂದಿ ಒತ್ತಿಕೊಂಡು ಕುಂತಿದ್ದೋಳು ನಾನೇ ಅಲ್ವೇನೆ ಶಂಕ್ರವ್ವ? ಅದಕ್ಕೂ ಮುಂಚಿನ ಗಂಡುಕೂಸು ಹಂಗೇ ಹೋಯ್ತು. ಇಡೀ ಊರಿಗೇ ಗೊತ್ತಿತ್ತು." ಅಜ್ಜಿ ಮೊಮ್ಮಗನನ್ನೊಮ್ಮೆ ನೋಡಿ ಮತ್ತೆ ಶಿವಮೂರ್ತಪ್ಪನ ಕಡೆ ತಿರುಗಿದಳು. "ಹುಡುಗಿ ಹೊಕ್ಕಳು ಏಳು ದಿನಕ್ಕೆ ಒಣಗಿ ಬಿತ್ತು, ಅದೂ ನಾನೇ ನೋಡೀನಿ. ಎಲ್ಲ ಗೊತ್ತಿದ್ದೇ ಬಂದೀವಪ್ಪ ನಾವು. ಇದರಾಗೆ ಮುಚ್ಚಿಡೋದು ಏನೈತೆ?"

ಹುಡುಗನ ಅಪ್ಪ ಹೌದೆನ್ನುವಂತೆ ತಲೆಯಾಡಿಸಿದ. ಅವನಿಗೂ ಗೊತ್ತಿತ್ತು. ಹುಡುಗನಿಗೂ ಗೊತ್ತಿತ್ತು. ಮೂವತ್ತು ವರ್ಷದ ಹಿಂದಿನದನ್ನು ಊರು ಮರೆತಿರುತ್ತದೆ ಎಂದು ನಂಬಿಕೊಂಡಿದ್ದ ಶಂಕರಮ್ಮ ಗಂಡನ ಕಡೆ ತಿರುಗಿದಳು. ಅವಳ ಮುಖ ನೋಡಲು ಆಶಾಳಿಗೆ ಎರಡು ತಿಂಗಳಿನಿಂದ ಆಸೆಯಿತ್ತು, ಹೀಗೊಂದು ದಿನ ಎಲ್ಲರೆದುರು ಬಯಲಾಗಲಿ ಎಂದು ಶಪಿಸಿದ್ದಳು. ಈಗ ನೋಡಿದಳು. ಒಂದು ತೊಟ್ಟೂ ಸಮಾಧಾನವಾಗಲಿಲ್ಲ. ತಟ್ಟೆಯನ್ನು ಅಲ್ಲೇ ನೆಲದ ಮೇಲಿಟ್ಟು ಪರದೆ ಸರಿಸಿ ಒಳಗೆ ಹೋದಳು.

ಸತೀಶ ಸೂರು ನೋಡುತ್ತ ಮಲಗಿದ್ದ.

"ಕೇಳಿಸ್ತಾ?"

"ಕೇಳಿಸ್ತು."

ಸೂರಿನಿಂದ ಕಣ್ಣು ತೆಗೆಯದೆ ಅವನು ಹೇಳಿದ, "ಯಾರಿಗೆ ಗೊತ್ತಾಗಬಾರ್ದು ಅಂತ ಸುಮ್ಕಿದ್ನೋ, ಅವರಿಗೆ ನನಗಿಂತ ಮುಂಚೆ ಗೊತ್ತಿತ್ತು ನೋಡು. ನಿನಗೊಬ್ಬಳಿಗೆ ಹೇಳ್ಲಿಲ್ಲ."

ಅವಳಿಗೆ ಅವನನ್ನು ಹೊಡೆಯಬೇಕೆನಿಸಿತು. ಅವನನ್ನು ತಬ್ಬಿಕೊಂಡು ಅಳಬೇಕೆಂದೂ ಅನಿಸಿತು. ಎರಡೂ ಆಗಲಿಲ್ಲ.

"ಆಶಾ, ಅಜ್ಜಿಗೆ ಇನ್ನೊಂದು ಲೋಟ ಕಾಫಿ ತಗಂಬಾರಮ್ಮ" ಎಂದು ಹೊರಗಿನಿಂದ ಶಿವಮೂರ್ತಪ್ಪ ಕರೆದ. ದನಿ ಆಗಲೇ ಹದಕ್ಕೆ ಬಂದಿತ್ತು. ಮದುವೆ ಕುದುರಿತ್ತಲ್ಲ.

"ನೀವೇ ಕೊಡ್ರಿ ಮಾವ" ಎಂದಳು ಆಶಾ, ಎಲ್ಲರಿಗೂ ಕೇಳುವ ಹಾಗೆ. "ನನಗೆ ಇಲ್ಲಿ ಕೆಲಸ ಐತೆ."

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಬೆಳಗಿನಿಂದ ಬೀಗರ ಗಡಿಬಿಡಿಯಲ್ಲಿ ಅದು ತಪ್ಪಿತ್ತು. ಅವಳು ಅವನ ಭುಜಕ್ಕೆ ಒಂದು ಕೈ, ಸೊಂಟಕ್ಕೆ ಒಂದು ಕೈ ಕೊಟ್ಟು ಗೋಡೆಯ ಕಡೆ ಹೊರಳಿಸಿದಳು. ಅವನು ಮಂಚದ ಸರಳು ಹಿಡಿದು ಮೇಲಿನ ಅರ್ಧ ಮೈ ತಿರುಗಿಸಿಕೊಂಡ. ಕಾಲುಗಳು ಮೊದಲಿದ್ದಲ್ಲೇ ಇದ್ದವು. ಅವನ್ನು ಅವಳೇ ಒಂದೊಂದಾಗಿ ಎತ್ತಿ ಆಚೆ ಇಟ್ಟಳು.